ಕಾಪುವಿನ ಮರಳ ಮೇಲಿನ ಚಾ ಅಂಗಡಿ

"ನಕ್ಷೆ ಕದ್ದವಳು ಪರೀಕ್ಷೆಗೆ ಕೂರುವುದು ಬೇಡ," ಎಂದುಬಿಟ್ಟರು ಪ್ರಾಂಶುಪಾಲ ರೊಸಾರಿಯೊ. ಝೀಟಾ ಅಳುತ್ತಾ ಹೊರಬಂದಳು. ಬಾಗಿಲಲ್ಲೇ ಕಾದಿದ್ದ ಗೆಳತಿ ಶರೀಫಾಳಿಗೆ ಮೈಯೆಲ್ಲ ಉರಿದುಹೋಯಿತು.

ಎಂಬತ್ಮೂರನೇ ಇಸವಿಯ ಮಾತು. ಮಣಿಪಾಲದ ಆ ಗ್ರಂಥಾಲಯ ವಿಜ್ಞಾನದ ಶಾಲೆಯಲ್ಲಿ ವರ್ಷದ ಆರಂಭದಲ್ಲೇ ಒಂದು ಕೆಲಸ ಕೊಟ್ಟಿದ್ದರು. ಊರೊಂದನ್ನು ಆರಿಸಿ, ಅದರ ಬಗ್ಗೆ ಎಲ್ಲೆಲ್ಲಿ ಏನೇನು ಅಚ್ಚಾಗಿದೆಯೆಂದು ಹುಡುಕಿ, ಸ್ವಂತ ನಕ್ಷೆಯೊಂದಿಗೆ ಒಪ್ಪಿಸಬೇಕು. ಹಿರಿಯಡ್ಕದ ಝೀಟಾ, ಕಾರ್ಕಳದ ಸ್ಟ್ಯಾನಿಸ್ಲಾಸ್ ಇಬ್ಬರೂ ಕಾಪುವನ್ನೇ ಆರಿಸಿದ್ದರು. ನಕ್ಷೆಗಳೆರಡೂ ಗೆರೆಗೆ ಗೆರೆ ಒಂದೇ! ಸ್ಟ್ಯಾನಿಸ್ಲಾಸ್ ಮೊದಲು ಒಪ್ಪಿಸಿದ್ದರಿಂದ ಕಳ್ಳಿ ಝೀಟಾ ಎಂದಾಯಿತು.

ಶರೀಫಾ ಡುಲ್ಸಿನ್ ಮೇಡಂ ಹತ್ತಿರ ಓಡಿದಳು. ಆಕರ ಶೋಧನೆ ಕಲಿಸುವ ಅವರಿಗೆ, ಕಾಣೆಯಾದದ್ದು ಪುಸ್ತಕವಿರಲಿ, ಯಾರದೋ ಕೊಡೆಯಿರಲಿ, ಪತ್ತೆ ಹಚ್ಚದೆ ಊಟ ಸೇರುತ್ತಿರಲಿಲ್ಲ. ಮೇಡಂ ಎರಡೂ ನಕ್ಷೆಗಳನ್ನು ತರಿಸಿ ಮೇಜಿನ ಮೇಲೆ ಹರಡಿದರು.

"ನಿನ್ನ ಊರು ಕಾಪು ಅಲ್ವಾ? ಎಲ್ಲ ಸರಿ ಉಂಟಾ ನೋಡು."

"ದೀಪಸ್ತಂಭ ಉಂಟು, ಬಂಡೆ ಉಂಟು. ಮರಳಿನ ಮೇಲೆ ನಮ್ಮ ಬಾವಾಕನ ಚಾ ಅಂಗಡಿಯೂ ಉಂಟು ಮೇಡಂ! ಮಳೆಗಾಲದಲ್ಲಾದರೆ ಬಸ್ಸಿಳಿದ ಕೂಡಲೇ ಅವರ ಚಾ ಸಿಗುತ್ತದೆ. ಈಗ ಕಡಲವರೆಗೆ ನಡೆಯಬೇಕು."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮುಖದಲ್ಲಿ ನಗು ಅರಳಿತ್ತು. ಶರೀಫಾಳಿಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಓದುವ ಕೋಣೆಯಲ್ಲಿ ಪ್ರಾಂಶುಪಾಲರ ಎದುರೇ ಎಲ್ಲರೂ ಸೇರಿದರು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ನಕ್ಷೆ ಬರೆದದ್ದು ಯಾವಾಗ?"

"ಕ್ರಿಸ್ಮಸ್ ರಜೆಯಲ್ಲಿ," ಎಂದಳು ಝೀಟಾ.

"ನಾನು ಅದಕ್ಕಿಂತ ಎಷ್ಟೋ ಮೊದಲು!" ಸ್ಟ್ಯಾನಿಸ್ಲಾಸ್ ಎದೆಯುಬ್ಬಿಸಿದ. "ಆಟಿ ತಿಂಗಳ ಜಡಿಮಳೆಯಲ್ಲಿ. ಮರಳಿನ ಮೇಲೆ ಈ ಅಂಗಡಿ ಉಂಟಲ್ಲ, ಇದರಲ್ಲೇ ಕೂತು ಬರೆದದ್ದು."

"ಆಟಿಯಲ್ಲಿ ಅಂಗಡಿ ಅಲ್ಲಿ ಇರುವುದೇ ಇಲ್ಲವಲ್ಲ ಮಾರಾಯ," ಎಂದರು ಮೇಡಂ. "ಕಡಲು ಉಕ್ಕುವ ಮೊದಲೇ ಬಾವಾಕ ಬಿದಿರ ಗಳ, ತೆಂಗಿನ ಮಡಲು, ಬೆಂಚು ಎಲ್ಲ ಹೊತ್ತು ಹೆದ್ದಾರಿ ಬದಿಗೆ ಬರುತ್ತಾರೆ. ಮಳೆ ಹೋದ ಮೇಲೆ ಮತ್ತೆ ಮರಳಿಗೆ. ಶರೀಫಾ ಹೇಳಿದ್ದನ್ನು ನಿನ್ನೆ ಸಂಜೆಯೇ ಕಾಪುವಿಗೆ ಹೋಗಿ ಕೇಳಿ ಬಂದೆ. ಹುಡುಕುವವರು ಪುಸ್ತಕದ ಕೆಟಲಾಗಿನಲ್ಲೇ ನಿಂತುಬಿಡಬಾರದು. ಇದು ಮಳೆ ಕಳೆದ ಮೇಲಿನ ಕಾಪು, ಅಂದರೆ ಝೀಟಾ ಕಂಡ ಕಾಪು. ಮೊದಲಿಗನಾಗುವ ಆತುರದಲ್ಲಿ ನೀನು ಮಳೆಗಾಲಕ್ಕೇ ಹೋಗಿಬಿಟ್ಟೆ!"

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಸ್ಟ್ಯಾನಿಸ್ಲಾಸ್ ತಲೆ ತಗ್ಗಿಸಿದ. ಝೀಟಾ ಮೇಜಿನ ಮೇಲೆ ಮರೆತು ಹೋಗಿದ್ದ ನಕ್ಷೆಯನ್ನು ನೋಡಿ ನಕಲು ಮಾಡಿದ್ದೆ ಎಂದು ಒಪ್ಪಿಕೊಂಡ. "ದೀಪಸ್ತಂಭ ಎಲ್ಲರದ್ದೂ ಅಲ್ವಾ ಎಂದುಕೊಂಡೆ, ಮೇಡಂ."

"ದೀಪಸ್ತಂಭ ಎಲ್ಲರದ್ದೂ ಹೌದು. ಅದನ್ನು ಕಂಡು ಎಳೆದ ಗೆರೆ ಮಾತ್ರ ಎಳೆದವಳದ್ದು. ಹಕ್ಕುಸ್ವಾಮ್ಯ ಎಂದರೆ ಇಷ್ಟೇ."

ರೊಸಾರಿಯೊ ಎದ್ದು ಬಂದು ಝೀಟಾಳ ಕ್ಷಮೆ ಕೇಳಿದರು. "ಪರೀಕ್ಷೆಗೆ ಓದಿಕೋ, ಮಗಾ." ಶರೀಫಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಬೀಗ ತೆರೆಯುವ ಕೀಲಿ ತನಗೇ ತಿಳಿಯದೆ ತನ್ನ ಬಾಯಲ್ಲೇ ಇತ್ತು!

ಸ್ಟ್ಯಾನಿಸ್ಲಾಸನಿಗೆ ಸಿಕ್ಕ ಶಿಕ್ಷೆ, ಹೊಸದಾಗಿ ನಕ್ಷೆ ಬರೆಯುವುದು. ಆದಿತ್ಯವಾರ ಮೂವರೂ ಬಾವಾಕನ ಬೆಂಚಿನ ಮೇಲೆ ಕೂತಿದ್ದರು. ಅವನು ಬಂಡೆಯ ಗೆರೆ ಮೂರು ಸಲ ಎಳೆದು, ಮೂರು ಸಲ ಅಳಿಸಿದ. ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು ಕೇಳಿದ:

"ಝೀಟಾ, ನಿನ್ನದನ್ನು ಒಮ್ಮೆ ನೋಡಬಹುದಾ?"

"ಇದನ್ನೇ ಮೊದಲು ಕೇಳಿದ್ದರೆ ಕೊಡುತ್ತಿರಲಿಲ್ಲವಾ?" ಎನ್ನುತ್ತಾ ಝೀಟಾ ತನ್ನ ನಕ್ಷೆಯನ್ನು ಅವನ ಮುಂದೆ ಬಿಡಿಸಿಟ್ಟಳು.