ಬೀಗ ಬಿದ್ದ ಮಾತು

"ಥ್ರೆಡ್ ಲಾಕ್ ಮಾಡಿದ್ದು ನೀವೇನಾ?"

ಔಷಧಿ ಅಂಗಡಿಯ ಕೌಂಟರಿನಾಚೆ ನಿಂತವನು ಮಾತ್ರೆ ಕೇಳಲಿಲ್ಲ, ಇದನ್ನು ಕೇಳಿದ. ಅವಳು ತಲೆಯೆತ್ತಿದಳು. ಮುಖದ ಗುರುತಿರಲಿಲ್ಲ. ಆ ದಣಿವನ್ನು ಮಾತ್ರ ಎಷ್ಟೋ ತಿಂಗಳಿಂದ ಓದುತ್ತ ಬಂದಿದ್ದಳು.

ಮನೆಯಲ್ಲೇ ರೋಗಿಗಳನ್ನು ನೋಡಿಕೊಳ್ಳುವವರ ಆನ್‌ಲೈನ್ ಫೋರಂ ಅದು. ಅಮ್ಮನ ಆರೈಕೆಗೆ ಸಲಹೆ ಕೇಳಲೆಂದು ಸೇರಿದವಳು, ಅಮ್ಮ ಹೋದ ಮೇಲೂ ಅಲ್ಲಿನ ಮಾತುಕತೆಯ ಮೇಲೆ ಕಣ್ಣಿಡುವ ಮಾಡರೇಟರ್ ಆಗಿ ಉಳಿದಿದ್ದಳು. ಅಲ್ಲಿ ಎಲ್ಲರಿಗೂ ಅವಳು 'ಗುಬ್ಬಿ'; ಈ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಎಂದು ಒಮ್ಮೆ ಬರೆದಿದ್ದಳು. ಇವನು ಅದೇ ಊರಿನ ಕನ್ನಡಕದ ಅಂಗಡಿಯವನು. 'ಹೆಂಡತಿಗೆ ಊಟ ಸೇರುತ್ತಿಲ್ಲ, ಏನು ಮಾಡಲಿ?' ಎಂದು ಇವನು ಶುರು ಮಾಡಿದ ಮಾತುಕತೆಯ ಎಳೆ, ಆ ಥ್ರೆಡ್, ಹೆಂಡತಿ ತೀರಿಕೊಂಡ ಮೇಲೂ ನಿಂತಿರಲಿಲ್ಲ. ಸಾಂತ್ವನದ ಮಾತುಗಳ ನಡುವೆ ಯಾರೋ ಅನಾಮಿಕ ನುಗ್ಗಿದ್ದ. 'ಆಸ್ಪತ್ರೆಯಿಂದ ಮನೆಗೆ ತಂದು ಕೊಂದೆ' ಎಂದು ದಿನವೂ ಬೈಗುಳ. ನೋಡಲಾರದೆ ಗುಬ್ಬಿ, ಇನ್ನು ಯಾರೂ ಬರೆಯದಂತೆ ಥ್ರೆಡ್ಡಿಗೆ ಬೀಗ ಹಾಕಿದ್ದಳು.

"ನಿಮಗೋಸ್ಕರಾನೇ ಮಾಡಿದ್ದು," ಎಂದಳು. "ಅಷ್ಟೊಂದು ಬೈಸ್ಕೊಂಡು ಯಾಕ್ರೀ ಸುಮ್ನಿರ್ತೀರ?"

"ಬೈತಿದ್ದೋನು ನನ್ನ ಬಾಮೈದ. ನನ್ನ ಹೆಂಡ್ತಿ ತಮ್ಮ."

ಅವಳ ಕೈಯಲ್ಲಿದ್ದ ಮಾತ್ರೆ ಪಟ್ಟಿ ಅಲ್ಲೇ ನಿಂತಿತು.

"'ನಿನ್ನ ತಾಳ್ಮೆ ಬೆಣ್ಣೆ ಸವರಿದ ಚಾಕು' ಅಂತ ಬರೆದಿದ್ನಲ್ಲ, ಅದು ಅಕ್ಕ ತಮ್ಮ ಇಬ್ರೇ ನನ್ನ ರೇಗಿಸೋಕೆ ಆಡ್ತಿದ್ದ ಮಾತು. ಅವಳು ಹೋದಾಗಿಂದ ಫೋನ್ ಎತ್ತಲ್ಲ. ಎದುರಿಗೆ ಸಿಕ್ರೆ ರಸ್ತೆ ದಾಟ್ಬಿಡ್ತಾನೆ. ಅಲ್ಲೊಂದು ಕಡೆ ನನ್ ಜೊತೆ ಮಾತಾಡ್ತಿದ್ದ. ಬೈಗುಳಾನೇ ಇರ್ಲಿ, ಮಾತಲ್ವಾ?"

ಅವಳು ತಲೆ ತಗ್ಗಿಸಿದಳು. ಕನ್ನಡಕ ಮೂಗಿನ ತುದಿಗೆ ಜಾರಿತು. ಅವನು ಅಷ್ಟು ಸಿಟ್ಟಿನಲ್ಲೂ ಅದನ್ನೇ ನೋಡಿದ.

"ಸ್ಕ್ರೂ ಸಡಿಲ ಆಗಿದೆ."

"ಕನ್ನಡಕದ್ದೋ, ನಂದೋ?"

ಅವನ ತುಟಿಯಂಚು ಮೊದಲ ಸಲ ಅಲುಗಿತು. "ಕನ್ನಡಕದ್ದಾದ್ರೆ ನಾನು ಬಿಗಿ ಮಾಡ್ಬಲ್ಲೆ."

ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದ. ಕನ್ನಡಕವಿಲ್ಲದೆ ಅವನು ಅವಳಿಗೆ ಬರೀ ಮಸುಕು. ತಿರುಗಿ ಹಾಕಿಕೊಂಡಾಗ ಕೆಂಪಾದ ಕಣ್ಣುಗಳು, ಸರಿಯಾಗಿ ಕ್ಷೌರವಾಗದ ಗಲ್ಲ ಎಲ್ಲವೂ ಒಮ್ಮೆಲೇ ಸ್ಪಷ್ಟವಾದವು.

ಅಂದೇ ಅವಳು ಹಿರಿಯ ಮಾಡರೇಟರಿಗೆ ಫೋನ್ ಮಾಡಿದಳು. ಫೋರಂನವರೆಲ್ಲ ಅವರನ್ನು ಹೆಡ್ಮಾಸ್ತರು ಎನ್ನುತ್ತಿದ್ದರು.

"ಬೈಗುಳ ಬಂದ್ರೆ ಮುಚ್ಚಬೇಕಮ್ಮ. ರೂಲ್ ಅಂದ್ರೆ ರೂಲು."

"ಮುಚ್ಚೋ ಮುಂಚೆ ಅವರನ್ನ ಒಂದು ಮಾತು ಕೇಳ್ಬೇಕಿತ್ತು ಸರ್. ನೋವು ಅವರದ್ದು. ತೀರ್ಮಾನ ಮಾತ್ರ ನಾನು ಮಾಡ್ದೆ."

ಹೆಡ್ಮಾಸ್ತರು ಗೊಣಗಿ ಒಪ್ಪಿದರು. ಥ್ರೆಡ್ ತೆರೆಯಿತು. ಬಾಮೈದ ಮಾತ್ರ ಬರಲಿಲ್ಲ. ಆ ಖಾತೆಯನ್ನೇ ಅವನು ಅಳಿಸಿಹಾಕಿದ್ದ.

ಕನ್ನಡಕದವನು ಮಾತ್ರ ಅಂಗಡಿಗೆ ಬರುತ್ತಲೇ ಇದ್ದ. ಬಂದಾಗಲೆಲ್ಲ ಹತ್ತಿ ಕೊಳ್ಳುತ್ತಿದ್ದ.

"ಇಷ್ಟೊಂದು ಹತ್ತಿ ಯಾಕ್ರೀ? ಹಾಸಿಗೆ ಹೊಲಿಸ್ತೀರಾ?"

"ಲೆನ್ಸ್ ಒರೆಸೋಕೆ."

"ಹತ್ತೀಲಿ ಯಾರೂ ಲೆನ್ಸ್ ಒರೆಸಲ್ಲ."

"ಗೊತ್ತು," ಎಂದ. ಅವನ ನೋಟ ಅವಳ ಕಣ್ಣಲ್ಲಿ ಒಂದು ಗಳಿಗೆ ತಂಗಿ, ತಪ್ಪು ಮಾಡಿದವರಂತೆ ಹಿಂದೆ ಸರಿಯಿತು.

ಅವನ ಹೆಜ್ಜೆಸದ್ದಿಗೆ ಅವಳ ಮನಸ್ಸು ಅರಳುತ್ತಿತ್ತು, ಮರುಕ್ಷಣವೇ ಮುದುಡುತ್ತಿತ್ತು. ಅವನಿಗಿದ್ದ ಒಂದೇ ದಾರಿಯನ್ನು ಮುಚ್ಚಿದವಳು ತಾನು. ಆ ದಾರಿಯ ತುದಿಯಲ್ಲೇ ಕೂತು ಅವನಿಗಾಗಿ ಕಾಯುವುದೆಂದರೆ?

ಕೊನೆಗೆ ಅವಳೇ ಹಟ ಹಿಡಿದಳು. "ನಡೀರಿ, ಅವನ ಮನೆಗೇ ಹೋಗೋಣ. ತಪ್ಪು ನಂದು, ನಾನೇ ಹೇಳ್ತೀನಿ."

ಬಣ್ಣ ಕಿತ್ತ ಬಾಗಿಲು ತೆರೆಯಿತು. ಎಳೆಯ ಮುಖ, ಬತ್ತಿದ ಕಣ್ಣು. ಬಾಮೈದ ಭಾವನನ್ನು ನೋಡಿದ, ಪಕ್ಕದಲ್ಲಿದ್ದವಳನ್ನು ನೋಡಿದ.

"ಅಕ್ಕನ ಬಟ್ಟೆ ಇನ್ನೂ ಬೀರುವಲ್ಲೇ ಇದೆ ಭಾವ. ಆಗ್ಲೇ ಜೊತೆ ಹುಡುಕ್ಕೊಂಡ್ರಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು.

ಮೆಟ್ಟಿಲ ಮೇಲೆ ಅವಳು ನಿಂತುಬಿಟ್ಟಳು. "ನಾನು ಬರಬಾರದಿತ್ತು. ನಿಮ್ಮ ಬಗ್ಗೆ ಅವನು ಏನೇನೋ ತಿಳ್ಕೊಂಡ."

"ಅವನು ಹೇಳಿದ್ದು ಸುಳ್ಳಾಗಿದ್ರೆ ನಂಗೆ ಸಿಟ್ಟು ಬರ್ತಿತ್ತು," ಎಂದ ಅವನು, ಮೆಲ್ಲಗೆ. "ಬರಲಿಲ್ಲ."

ಅವಳು ಕಂಬಿ ಹಿಡಿದುಕೊಂಡಳು. "ಇಲ್ಲಿ ಹೇಳೋ ಮಾತಾ ಇದು?"

"ಇಲ್ಲೇ ಹೇಳ್ಬೇಕು. ಇದನ್ನ ಮುಚ್ಚಿಟ್ಟು ಅವನ ಎದುರು ಕೂತ್ರೆ ಮೋಸ ಆಗುತ್ತೆ."

"ನಿಮ್ಮ ಕಷ್ಟಾನೇ ನಂದೂ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಮೊದಲು ಅವನು. ನೀವೊಬ್ರೇ ಹೋಗಿ ತಟ್ಟಿ. ತೆಗೆಯೋವರೆಗೂ ತಟ್ಟಿ."

ಅವಳು ಎದುರಿನ ಬಸ್ ಸ್ಟಾಪಿನಲ್ಲಿ ಕೂತಳು. ತುಂಬ ಹೊತ್ತು ತಟ್ಟಿದ ಮೇಲೆ ಬಾಗಿಲು ಗೇಣಗಲ ತೆರೆಯಿತು. ಅವನು ಒಳಗೆ ಹೋದ. ಬಸ್ಸು ಬಂತು. ಹೋಗಿಬಿಡುವುದೇ ಸರಿ ಎಂದುಕೊಂಡಳು. ಏಳಲಾಗಲಿಲ್ಲ. ಇನ್ನೊಂದು ಬಸ್ಸೂ ಹೋಯಿತು.

ಆಮೇಲೆ ಬಾಮೈದನೇ ರಸ್ತೆ ದಾಟಿ ಬಂದ. ಅವನ ರೆಪ್ಪೆಗಳು ಊದಿಕೊಂಡಿದ್ದವು. ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ, ಏನೂ ಕರೆಯಲಿಲ್ಲ.

"ಭಾವ ಅಳ್ತಾ ಇದಾರೆ," ಎಂದ. "ಅಕ್ಕ ಹೋದಾಗ ಒಂದು ಹನಿ ಕಣ್ಣೀರು ಹಾಕಿರ್ಲಿಲ್ಲ. ಅದಕ್ಕೇ ನಂಗೆ ಅಷ್ಟು ಸಿಟ್ಟಿತ್ತು. ಈಗ ನಿಲ್ಲಿಸ್ತಾನೇ ಇಲ್ಲ. ನನ್ ಕೈಲಿ ಸಮಾಧಾನ ಮಾಡೋಕಾಗ್ತಿಲ್ಲ."

ಚಪ್ಪಲಿಯ ತುದಿಯಿಂದ ನೆಲ ಕೆರೆದ.

"ನೀವು ಬರ್ತೀರಾ?"