ರೆಕ್ಕೆಯಲ್ಲಿ ಕಂಡ ಮುಖ

"ದೊಡ್ಡಮ್ಮಾ, ಯಾರೋ ನನ್ನ ರೆಕ್ಕೆ ಕೆಡಿಸಿದ್ದಾರೆ!"

ಬೆಳ್ಳಂಬೆಳಗ್ಗೆ ತಂಗಿಯ ಮಗಳು ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. ಎಂಥೆಂಥ ಕಳ್ಳರನ್ನೋ ಪತ್ತೆಹಚ್ಚಿದ ದೊಡ್ಡಮ್ಮ ಕನ್ನಡಕ ಏರಿಸಿದರು. ಎಲ್ಲ ಪತ್ತೇದಾರಿಕೆಗೂ ಬಾಲದಂತೆ ಹಿಂದೆ ಹೋಗುವ ದೊಡ್ಡಪ್ಪ, ಇವತ್ತಿನ ತಿಂಡಿಗೆ ಕಲ್ಲು ಬಿತ್ತು ಎಂದುಕೊಂಡು ಚಪ್ಪಲಿ ಮೆಟ್ಟಿದರು.

ಹುಡುಗಿ ವಿಮಾನಗಳ ವಿನ್ಯಾಸಕಿ. ರೆಕ್ಕೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿದ್ದರೆ ಗಾಳಿ ಸಲೀಸಾಗಿ ಜಾರುತ್ತದೆ, ಇಂಧನ ಉಳಿಯುತ್ತದೆ, ಹೊಗೆ ತಗ್ಗುತ್ತದೆ ಎಂಬುದು ಅವಳ ವಾದ. ನಿನ್ನೆ ಮಾದರಿ ರೆಕ್ಕೆ ಅದನ್ನು ಸಾಬೀತೂ ಮಾಡಿತ್ತು. ಇವತ್ತು ನಸುಕಿನಲ್ಲೇ ಮತ್ತೆ ಪರೀಕ್ಷಿಸಿ ನೋಡಿದರೆ ಮಾಮೂಲಿ ರೆಕ್ಕೆಗಿಂತ ಒಂದಿಷ್ಟೂ ಮೇಲಲ್ಲ! ಮಧ್ಯಾಹ್ನ ವಿಮಾನ ಕಂಪನಿಯವರು ಪರೀಕ್ಷೆ ನೋಡಲು ಬರುವವರಿದ್ದರು. ಅವರೆದುರು ಸೋತರೆ ಅವಳ ಯೋಜನೆ ಮೂಲೆಗುಂಪು.

ಅವಳು ಕೆಲಸ ಮಾಡುವ ಸಂಸ್ಥೆಗೆ ಹೋದಾಗ, ಇಂಜಿನಿಯರಿಂಗ್ ಓದದೆ ಆಡಳಿತ ವಿಭಾಗದಿಂದ ಬಂದ ನಿರ್ದೇಶಕರು ತಮ್ಮ ಕೋಣೆಯಲ್ಲೇ ಸಿಕ್ಕರು. ಮೇಜು, ಬಾಗಿಲ ಹಿಡಿ, ಅವರ ಬೂಟು ಎಲ್ಲವೂ ಫಳಫಳ. ಪಾಲಿಶ್ ವಾಸನೆಗೆ ದೊಡ್ಡಪ್ಪ ಎರಡು ಸಲ ಸೀನಿದರು.

"ಪರೀಕ್ಷಾ ಕೋಣೆಯ ಬೀಗದ ಕೈ ಇರೋದು ನಾನು, ಇವಳು, ಇವಳ ಜೊತೆ ಕೆಲಸ ಮಾಡೋ ಇನ್ನೊಬ್ಬ ಇಂಜಿನಿಯರ್, ನಮ್ಮ ಮೂವರ ಹತ್ರ ಮಾತ್ರ. ಇದು ಅವನ ಕೆಲಸಾನೇ. ಇವಳನ್ನ ಕಂಡ್ರೆ ಅವನಿಗೆ ಆಗಲ್ಲ," ಎಂದರು ನಿರ್ದೇಶಕರು.

ದೊಡ್ಡ ಫ್ಯಾನಿನ ಮುಂದೆ ರೆಕ್ಕೆ ಸಿಕ್ಕಿಸಿದ್ದ ಪರೀಕ್ಷಾ ಕೋಣೆಯಲ್ಲಿ ಆ ಇಂಜಿನಿಯರ್ ಮುಖ ಊದಿಸಿಕೊಂಡು ಕೂತಿದ್ದ. "ಜಗಳ ಇದೆ, ನಿಜ. ಆದ್ರೆ ಅವಳ ರೆಕ್ಕೆಗೆ ನಾನು ಕೈ ಹಚ್ಚಿಲ್ಲ."

ದೊಡ್ಡಮ್ಮ ಬಗ್ಗಿ ರೆಕ್ಕೆಯನ್ನು ಮೂಸಿ ನೋಡಿದರು. ಪಕ್ಕದಲ್ಲಿ ದೊಡ್ಡಪ್ಪ ಮತ್ತೆ ಸೀನಿ, ಕೆದರಿದ ಕೂದಲು ತೀಡಿಕೊಳ್ಳತೊಡಗಿದರು.

"ರೀ, ಏನ್ಮಾಡ್ತಿದ್ದೀರಿ?"

"ತಲೆ ಸರಿ ಮಾಡ್ಕೋತಿದ್ದೀನಿ ಕಣೇ. ಈ ರೆಕ್ಕೆಯಲ್ಲಿ ಕನ್ನಡಿ ಥರ ಮುಖ ಕಾಣ್ತಿದೆ."

ದೊಡ್ಡಮ್ಮನ ಮುಖ ಅರಳಿತು. "ನಿನ್ನೆ ಇದ್ರಲ್ಲಿ ಮುಖ ಕಾಣ್ತಿತ್ತೇನೇ ಪುಟ್ಟಿ?"

"ಇಲ್ಲ ದೊಡ್ಡಮ್ಮ, ಮಂಕಾಗಿತ್ತು."

ದೊಡ್ಡಮ್ಮ ನಿರ್ದೇಶಕರನ್ನೂ ಕರೆಸಿ, ಎಲ್ಲರನ್ನೂ ರೆಕ್ಕೆಯ ಸುತ್ತ ಕೂರಿಸಿದರು.

"ಗೀರು ಇದ್ದಾಗ ಮಂಕು. ಈಗ ಹೊಳಪು. ಅಂದ್ರೆ ಗೀರಿನೊಳಗೆ ಏನೋ ತುಂಬ್ಕೊಂಡಿದೆ. ಏನು ಅಂತ ನಮ್ಮೆಜಮಾನರ ಮೂಗೇ ಹೇಳ್ತು. ಅವರು ಸೀನಿದ್ದು ಎರಡೇ ಕಡೆ, ನಿರ್ದೇಶಕರ ಕೋಣೇಲಿ, ಆಮೇಲೆ ಇಲ್ಲಿ. ಇನ್ನು, ಹೊಟ್ಟೆಕಿಚ್ಚಿನವನು ಮುರೀತಾನೆ, ಕೆರೀತಾನೆ. ಮೂಲೆಮೂಲೆಗೂ ಹೀಗೆ ಮುದ್ದಾಗಿ ಪಾಲಿಶ್ ಉಜ್ಜಲ್ಲ. ಉಜ್ಜಿದವರು ಮಂಕು ಕಂಡ್ರೆ ಸಹಿಸದವರು. ಅಲ್ವಾ ಸರ್?"

ನಿರ್ದೇಶಕರ ಮುಖದ ಹೊಳಪು ಇಳಿಯಿತು. "ಅತಿಥಿಗಳು ಬರ್ತಾರಲ್ಲ, ಚೆಂದ ಕಾಣ್ಲಿ ಅಂತ ನಿನ್ನೆ ಸಂಜೆ ನಾನೇ ಉಜ್ಜಿದೆ. ಗೀರು ಇರೋದೇ ಗೊತ್ತಿರ್ಲಿಲ್ಲಮ್ಮ." ಅವರು ಇಂಜಿನಿಯರ್ ಕಡೆ ತಿರುಗಿ, "ನಿನ್ನ ಮೇಲೆ ಸುಮ್ಸುಮ್ನೆ ಗೂಬೆ ಕೂರಿಸ್ಬಿಟ್ಟೆ. ತಪ್ಪಾಯ್ತಪ್ಪಾ," ಎಂದರು.

ಇಂಜಿನಿಯರ್ ಎದ್ದು ಹೋಗಿ, ಪಾಲಿಶ್ ಕರಗಿಸುವ ದ್ರಾವಣ ತಂದ. ಜಗಳಗಂಟರಿಬ್ಬರೂ ಸೇರಿ ರೆಕ್ಕೆ ತೊಳೆದರು.

ಮಧ್ಯಾಹ್ನ ಅತಿಥಿಗಳ ಮುಂದೆ ಫ್ಯಾನ್ ಮೊರೆಯಿತು. ಗಾಳಿಯ ತಡೆ ತೋರಿಸುವ ಮುಳ್ಳು ನಿನ್ನೆಯ ಗುರುತಿಗೇ ಇಳಿದು ನಿಂತಿತು. ಹುಡುಗಿ ಓಡಿಬಂದು ದೊಡ್ಡಮ್ಮನನ್ನು ತಬ್ಬಿಕೊಂಡಳು.

ಫ್ಯಾನ್ ನಿಂತ ಮೇಲೆ ದೊಡ್ಡಪ್ಪ ಮತ್ತೊಮ್ಮೆ ರೆಕ್ಕೆಯ ಮುಂದೆ ಹೋಗಿ ಬಗ್ಗಿದರು. ಮುಖವೂ ಇಲ್ಲ, ಮೂಗೂ ಇಲ್ಲ. "ಏನೂ ಕಾಣಲ್ಲ ಕಣೇ!" ಎಂದು ಖುಷಿಯಿಂದ ಕೂಗಿದರು.