ಬೀಳು ಹೊಲದ ಹದ್ದುಗಳು

ಕೃಷ್ಣಮೂರ್ತಿಯನ್ನು ಕೊಲ್ಲುವ ಉಪಾಯವನ್ನು ಪಾಪಯ್ಯನಿಗೆ ಹೇಳಿಕೊಟ್ಟವರು ಒಬ್ಬ ಸರ್ಕಾರಿ ಸಾಹೇಬರು.

ಮಂಚೇನಹಳ್ಳಿ ದಾರಿಯಲ್ಲಿ ಪಾಪಯ್ಯನಿಗೊಂದು ಕಣವಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳುವನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದು, ಅಲ್ಲಿ ಒಣಗಿಸಿ, ಕೋಳಿಗೆ, ಮೀನಿಗೆ ಮೇವೆಂದು ಮಾರುತ್ತಿದ್ದ. ನಾತ ಇತ್ತು, ನಿಜ. ಅನ್ನವೂ ಅದರಲ್ಲೇ ಇತ್ತು. ಪಕ್ಕದಲ್ಲಿ ಸಣ್ಣ ವಿಮಾನ ಇಳಿಯಲು ರನ್‌ವೇ ಮಾಡಿದ ಮೇಲೆ ಸಾಹೇಬರು ಬಂದರು. ಆಕಾಶಕ್ಕೆ ಬೆರಳು ತೋರಿಸಿ, "ನಿನ್ನ ಹುಳಕ್ಕೆ ಹದ್ದು ಬರ್ತವೆ ಕಣಪ್ಪಾ. ಒಂದು ಹದ್ದು ಇಂಜಿನ್‌ಗೆ ಸಿಕ್ಕಿದ್ರೆ ಸಾಕು, ಸಣ್ಣ ವಿಮಾನ ತಡ್ಕೊಳಲ್ಲ" ಎಂದರು. ಕಣಕ್ಕೆ ಬೀಗ ಬಿತ್ತು.

ದೂರು ಕೊಟ್ಟವನು ಕೃಷ್ಣಮೂರ್ತಿ. ಗೌರಿಬಿದನೂರಿನ ಸಿಮೆಂಟ್ ವ್ಯಾಪಾರಿ, ವಿಮಾನ ತರಿಸುವ ಸಮಿತಿಯ ಅಧ್ಯಕ್ಷ. ಪಾಪಯ್ಯ ಅವನ ಅಂಗಡಿಗೇ ಹೋಗಿ ಕೈಮುಗಿದ. ಕೃಷ್ಣಮೂರ್ತಿ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡ.

"ಏಮಯ್ಯಾ ಪಾಪಯ್ಯ, ಮೊದ್ಲು ಸ್ನಾನ ಮಾಡ್ಕೊಂಡು ಬಾ. ಆಮೇಲೆ ಮಾತಾಡಣ."

ಗಿರಾಕಿಗಳು ನಕ್ಕರು. ಆ ನಗು ಮುರಿದ ಮುಳ್ಳಿನಂತೆ ಪಾಪಯ್ಯನೊಳಗೇ ಉಳಿದುಕೊಂಡು ಕೀವಾಯಿತು.

ಆಗ ಊರಲ್ಲೆಲ್ಲ ಒಂದೇ ಮಾತು. ಈ ಸಣ್ಣ ವಿಮಾನಗಳನ್ನು ನಂಬಬಹುದೇ? ಆ ಮಾದರಿ ಎಲ್ಲೆಲ್ಲಿ ಬಿದ್ದಿತ್ತು, ಯಾವುದರ ಚಕ್ರ ಮುರಿದಿತ್ತು ಎಂದು ಟಿ.ವಿ.ಯವರು ದಿನಾ ತೋರಿಸುತ್ತಿದ್ದರು. ಸಾರ್ವಜನಿಕ ಸಭೆ ಕರೆದಾಗ ಕುರ್ಚಿ ಎತ್ತುವ ಮಟ್ಟಕ್ಕೆ ಜಗಳವಾಯಿತು. ಕೃಷ್ಣಮೂರ್ತಿ ಮೈಕು ಹಿಡಿದು, "ಚಿಂತಾಮಣಿ ರಸ್ತೇಲಿ ಸಾಯೋರನ್ನ ನೋಡ್ರಿ ಮೊದ್ಲು! ಅದಕ್ಕಿಂತ ವಿಮಾನಾನೇ ವಾಸಿ" ಎಂದ.

ಹಿಂದಿನ ಸಾಲಿನಿಂದ ಟೀ ಅಂಗಡಿ ಕರೀಂ ಸಾಬ್ ಕೂಗಿದ. "ಬಸ್ ಕೆಟ್ರೆ ಇಳಿದು ತಳ್ತೀವಿ ಅಣ್ಣಾ. ಇದನ್ನ ಎಲ್ಲಿ ನಿಂತ್ಕೊಂಡು ತಳ್ಳಣ?"

ಸಭೆ ಬಿದ್ದು ಬಿದ್ದು ನಕ್ಕಿತು. ಕೃಷ್ಣಮೂರ್ತಿಯ ಮುಖ ಕೆಂಪಾಯಿತು. "ಮೊದಲ ವಿಮಾನದಲ್ಲಿ ಬೆಂಗಳೂರಿಂದ ನಾನೇ ಕೂತು ಬರ್ತೀನಿ, ನೋಡ್ರಿ ಬೇಕಾದ್ರೆ!"

ಪಾಪಯ್ಯ ನಗಲಿಲ್ಲ. ಬೀಳುತ್ತದೆಂದು ಜನ ಮೊದಲೇ ನಂಬಿರುವ ವಿಮಾನ ಬಿದ್ದರೆ, ಯಾಕೆ ಬಿತ್ತೆಂದು ಯಾರು ಕೇಳುತ್ತಾರೆ?

ಮರುದಿನದಿಂದಲೇ ಕೆಲಸ ಶುರುವಾಯಿತು. ವಿಮಾನ ತಗ್ಗಿ ಬರುವ ತುದಿಯಲ್ಲಿ, ಬೇಲಿಯಾಚೆ, ಒಂದು ಬೀಳು ಹೊಲ. ಕುರಿಯವರೂ ಅತ್ತ ಸುಳಿಯುತ್ತಿರಲಿಲ್ಲ. ದಿನಾ ತಿಂಡಿ ಹೊತ್ತಿಗೆ, ಅಂದರೆ ವಿಮಾನ ಬರಬೇಕಾದ ಹೊತ್ತಿಗೇ, ಪಾಪಯ್ಯ ಶಿಡ್ಲಘಟ್ಟದಿಂದ ಹುಳು ಹೇರಿಕೊಂಡ ಆಟೋವನ್ನು ಅಲ್ಲಿ ತಂದು ನಿಲ್ಲಿಸಿ, ಎರಚಿ ಹೊರಟುಬಿಡುತ್ತಿದ್ದ. ಮೊದಲು ನಾಲ್ಕು ಹದ್ದು ಬಂದವು. ಆಮೇಲೆ ನಂದಿಬೆಟ್ಟದ ಕಡೆಯಿಂದಲೂ ಬಂದವೇನೋ, ಆಕಾಶದಲ್ಲಿ ರಾಗಿ ಚೆಲ್ಲಿದಂತೆ ಕಾಣತೊಡಗಿದವು. ಅವು ಒಂದು ಹುಳುವನ್ನೂ ನೆಲದಲ್ಲಿ ಉಳಿಸುತ್ತಿರಲಿಲ್ಲ. ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ.

"ಮಾರೋ ಹುಳಾನೆಲ್ಲ ಎಲ್ಲಿ ಸುರಿದು ಬರ್ತೀಯ?" ಎಂದು ಹೆಂಡತಿ ಲಕ್ಷ್ಮೀನರಸಮ್ಮ ಕೇಳಿದಳು.

"ಹದ್ದಿಗೆ ಹಾಕ್ತೀನಿ ಕಣೇ. ಗರುಡ ಅಲ್ವಾ, ಪುಣ್ಯ ಬರ್ಲಿ."

"ನಿಂಗೆ ಪುಣ್ಯಾನಾ? ಹದ್ದಿಗೇ ವಾಂತಿ ಆದೀತು, ಹೋಗು."

ವಿಮಾನದಲ್ಲಿ ಬೇರೆಯವರೂ ಇರುತ್ತಾರೆಂಬ ಯೋಚನೆ ಒಮ್ಮೆ ಬಂತು. ಹೆಂಗಸರಿರಬಹುದು. ಬೀಡಿ ಹಚ್ಚಿ ಆ ಯೋಚನೆಯನ್ನು ಹೊಗೆಯ ಜೊತೆ ಬಿಟ್ಟುಬಿಟ್ಟ. ಕೃಷ್ಣಮೂರ್ತಿಯ ಅಂಗಡಿಯಲ್ಲಿ ನಕ್ಕವರೂ ಬೇರೆಯವರೇ ತಾನೇ.

ಕೊನೆಯ ದಿನಕ್ಕೆ ಅವನು ಇಟ್ಟುಕೊಂಡಿದ್ದ ಜಾಣತನವೇ ಬೇರೆ. ಅಂದು ಹೊಲಕ್ಕೆ ಹೋಗುವುದೇ ಇಲ್ಲ, ಒಂದು ಹುಳುವನ್ನೂ ಎರಚುವುದಿಲ್ಲ. ಹದ್ದಿಗೆ ಹೊತ್ತು ಗೊತ್ತು, ಜಾಗ ಗೊತ್ತು, ತಾವಾಗಿಯೇ ಬರುತ್ತವೆ. ಬಿದ್ದ ವಿಮಾನದ ಸುತ್ತ ಪೊಲೀಸರು ಮಣ್ಣು ಜರಡಿ ಹಿಡಿದರೂ ಏನೂ ಸಿಗದು. ಸಿಕ್ಕುವುದು ಟಿ.ವಿ.ಯವರ ಹಳೇ ಮಾತು ಮಾತ್ರ: ಸಣ್ಣ ವಿಮಾನ, ಕೆಟ್ಟ ಮಾದರಿ, ಮೊದಲೇ ಹೇಳಿದ್ದೆವು. ಅಷ್ಟು ಹೊತ್ತೂ ತಾನು ರನ್‌ವೇಯ ಇನ್ನೊಂದು ತುದಿಯ ಶಾಮಿಯಾನದಲ್ಲಿ, ಎಲ್ಲರ ಕಣ್ಣೆದುರಿಗೆ ನಿಂತಿರಬೇಕು.

ಆ ದಿನ ಬಂತು. ಪಾಪಯ್ಯ ತಲೆಗೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟ. ಆಟೋವನ್ನು ಸೋಪು ಪುಡಿ ಹಾಕಿ ಎರಡೆರಡು ಸಲ ತಿಕ್ಕಿ ತೊಳೆದು, ಚೆಂಡುಹೂವಿನ ಹಾರ ಕಟ್ಟಿ ಶಾಮಿಯಾನದ ಮುಂದೆ ತಂದು ನಿಲ್ಲಿಸಿದ. ಸಾಹೇಬರಿಗೇ ಆಶ್ಚರ್ಯವಾಯಿತು.

"ಏನಪ್ಪಾ, ಕೋಪ ಹೋಯ್ತಾ?"

"ಊರಿಗೆ ಒಳ್ಳೇದಾಗ್ತೈತಲ್ಲ ಸಾರ್" ಎಂದು ಪಾಪಯ್ಯ ಅವರ ಪಕ್ಕದಲ್ಲೇ ನಿಂತ.

ದೂರದಲ್ಲಿ ಇಂಜಿನ್ನಿನ ಸದ್ದು ಕೇಳಿಸಿತು. ಪಾಪಯ್ಯ ಬೀಳು ಹೊಲದ ಮೇಲಿನ ಆಕಾಶ ನೋಡಿದ. ಬರಿದಾಗಿತ್ತು. ಮತ್ತೆ ನೋಡಿದ. ಒಂದು ರೆಕ್ಕೆಯೂ ಇಲ್ಲ. ಅಷ್ಟರಲ್ಲಿ ಅವನ ಬಿಳಿ ಅಂಗಿಯ ಮೇಲೆ ಒಂದು ನೆರಳು ಹಾದುಹೋಯಿತು. ಅದರ ಹಿಂದೆ ಇನ್ನೊಂದು. ಶಾಮಿಯಾನದ ಮೇಲೆ ಆಕಾಶವೇ ಸುತ್ತತೊಡಗಿತು. ಹದ್ದುಗಳು ಕಿರುಚುತ್ತ ಆಟೋದ ಬರಿದಾದ ತೊಟ್ಟಿಗೆ ಎರಗಿದವು, ತಗಡನ್ನು ಕೆರೆದವು, ಹಾರವನ್ನು ಹರಿದವು. ಜನ ಕಿರುಚಿ ದೂರ ಸರಿದರು. ಅವರೆಲ್ಲರ ಬೆನ್ನ ಹಿಂದೆ, ಯಾರೂ ನೋಡದಿರುವಾಗ, ಪುಟ್ಟ ವಿಮಾನ ಹೂವಿನ ಹಾಗೆ ನೆಲಕ್ಕೆ ಇಳಿಯಿತು.

ಸಾಹೇಬರು ಹದ್ದುಗಳನ್ನು ನೋಡಿದರು, ಆಟೋ ನೋಡಿದರು, ಪಾಪಯ್ಯನನ್ನು ನೋಡಿದರು. "ಬೇಲಿ ಆಚೆ ದಿನಾ ಹದ್ದು ಮುತ್ತುತಾವೆ, ಹೋಗಿ ನೋಡಿದ್ರೆ ಏನೂ ಇರಲ್ಲ ಅಂತ ನಮ್ಮ ವಾಚ್‌ಮನ್ ತಲೆ ತಿಂತಿದ್ದ. ನಿನ್ನ ಕಣಕ್ಕೆ ಬೀಗ ಹಾಕಿದೀವಲ್ಲಪ್ಪಾ, ಇವಕ್ಕೆ ಎಲ್ಲಿ ಊಟ ಹಾಕ್ತಿದ್ದೆ?" ಎಂದು ಕೇಳಿ, ಇನ್‌ಸ್ಪೆಕ್ಟರ್ ಕಡೆಗೆ ಕೈ ಬೀಸಿದರು. ಉತ್ತರಕ್ಕೆಂದು ಬಾಯಿ ತೆರೆದಾಗ ಪಾಪಯ್ಯನಿಗೆ ಹೊಳೆಯಿತು: ಆಟೋ ಇಲ್ಲದೆ ತಾನು ಒಂದು ದಿನವೂ ಆ ಹೊಲಕ್ಕೆ ಹೋಗಿರಲಿಲ್ಲ. ಹದ್ದು ಬರುವುದನ್ನು ದಿನವೂ ನೋಡಿದ್ದ. ಏನನ್ನು ನೋಡಿ ಬರುತ್ತವೆಂದು ನೋಡಿರಲಿಲ್ಲ.